ರಿಬ್ಬನ್ ಕಚ್ಚಿದ ದನಿ

ಆಗಸ್ಟ್ ೨೯, ಗುರುವಾರ

ಈ ದಿನ ಬೆಳಗ್ಗೆ ಎಂಟೂವರೆಗೆ, ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ನಾನೊಂದು ಅಪರಾಧ ಮಾಡಿದ್ದೇನೆ. ತಿಪ್ಪೇಶ ಎಂಬ ಹೆಸರಿನ, ಸಂಚಾರ ನಿಯಂತ್ರಕ ಎಂಬ ಹುದ್ದೆಯ, ಹದಿನೇಳು ವರ್ಷದಲ್ಲಿ ಒಂದೂ ಮೆಮೊ ಕಾಣದ ನಾನು, ಸಾರ್ವಜನಿಕರ ಸ್ವತ್ತಾದ ತಂಬ್ರಹಳ್ಳಿ ಬಸ್ಸಿನಿಂದ ನಾಲ್ಕು ನಿಮಿಷ ಕದ್ದಿದ್ದೇನೆ. ಡ್ರೈವರ್ ಗಾದೆಪ್ಪ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ನಾನು ಮೈಕಿನಲ್ಲಿ ಗಂಭೀರವಾಗಿ "ತಾಂತ್ರಿಕ ಕಾರಣಗಳಿಂದ ಬಸ್ಸು ತಡವಾಗಿ ಹೊರಡಲಿದೆ" ಎಂದೆ.

ಗಾದೆಪ್ಪ ಇಳಿದು ಕಿಟಕಿಗೆ ಬಂದ. "ಏನ್ ಸಾಹೇಬ್ರ, ಗಾಡಿ ನಂದು. ನನಗ ಗೊತ್ತಿಲ್ಲದ ತಾಂತ್ರಿಕ ಎಲ್ಲಿಂದ ಬಂತ್ರಿ?"

ಅಷ್ಟರಲ್ಲಿ ಮಗಳು ಓಡಿ ಬಂದಳು. ಅವ ಅವಳ ತಲೆ ನೋಡಿ, "ಓಹೋ, ತಾಂತ್ರಿಕ ಇಲ್ಲೈತಿ" ಎಂದು ಹೋಗಿ ಸ್ಟೀರಿಂಗ್ ಹಿಡಿದ.

ತಲೆ ಅಂದರೆ ಜಡೆ. ಅದು ನನ್ನ ಕೃತಿ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂಬ ಗಾದೆ ಕಟ್ಟಿದವನು ನನ್ನ ಹಾಗೆ ಮಗಳಿಗೆ ಜಡೆ ಹಾಕಿದವನೇ ಇರಬೇಕು. ಒಂದು ಕಿವಿಯ ಮೇಲಿದ್ದರೆ ಇನ್ನೊಂದು ಭುಜದ ಮೇಲಿರುತ್ತದೆ. ಮೂರು ಸಲ ಬಿಚ್ಚಿ ಹಾಕಿದೆ. ನನ್ನ ಪಾಳಿಗೆ ಹೊತ್ತಾಯಿತೆಂದು ನಾನು ಓಡಿದೆ, ಅವಳು ಉಳಿದದ್ದನ್ನು ಸರಿಮಾಡಿಕೊಂಡು ಬರುವಷ್ಟರಲ್ಲಿ ಬಸ್ಸಿನ ವೇಳೆ ಮೀರಿತ್ತು. ತಂಬ್ರಹಳ್ಳಿಯಲ್ಲಿ ಇವತ್ತು ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಅವಳದು ಮಿಮಿಕ್ರಿ.

ಆರೋಪಿಯ ಕುಟುಂಬದ ವಿವರವೂ ದಾಖಲೆಯಲ್ಲಿರಲಿ. ಮನೆಯಲ್ಲಿ ಮೂವರು. ನಾನು, ಎಂಟನೇ ತರಗತಿಯ ಕ್ರಾಂತಿ, ಮತ್ತು ಅತ್ತೆ ಸುಂಕಮ್ಮ. ಅಪ್ಪನ ಅಕ್ಕನಾದ್ದರಿಂದ ಸೋದರತ್ತೆ, ಮಗಳನ್ನು ಕೊಟ್ಟದ್ದರಿಂದ ಹೆಣ್ಣು ಕೊಟ್ಟ ಅತ್ತೆ. ಬಾಯಿ ಒಂದೇ, ಅಧಿಕಾರ ಎರಡು. ಸಂಧಿವಾತದಿಂದ ಅವಳ ಬೆರಳು ಮಡಚುವುದಿಲ್ಲ, ಹಾಗಾಗಿ ಜಡೆಯ ಖಾತೆ ನನ್ನದು. ನಾಲ್ಕನೆಯವಳು, ಅತ್ತೆಯ ಆ ಮಗಳು, ಜನವರಿಯಲ್ಲಿ ನಾಲ್ಕು ದಿನದ ಜ್ವರದಲ್ಲಿ ಹೋದಳು. ಆ ವಿಷಯ ಈ ಪುಸ್ತಕದಲ್ಲಿ ಬರೆಯುವುದಿಲ್ಲ ಎಂದು ನನ್ನ ಜೊತೆ ನಾನೇ ಕರಾರು ಮಾಡಿಕೊಂಡಿದ್ದೇನೆ.

ಆಗಸ್ಟ್ ೩೦, ಶುಕ್ರವಾರ

ಮೊದಲ ಬಹುಮಾನ. ನಿನ್ನೆಯ ಪುಟ ಬರೆದದ್ದು ಹೊರಡುವ ಮೊದಲು, ಉಳಿದದ್ದು ಇವತ್ತು.

ನಿನ್ನೆ ಹತ್ತು ಗಂಟೆಗೆ ಅರ್ಧ ದಿನದ ರಜೆ ಹಾಕಿ ಮುಂದಿನ ಬಸ್ಸಿಗೆ ನಾನೂ ಹೋದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೂಗುವ ಮೈಕು. ಮೈಕನ್ನು ಯಾವ ಕೋನಕ್ಕೆ ತಿರುಗಿಸಿದರೆ ಕೂಗು ನಿಲ್ಲುತ್ತದೆಂದು ನಾನೇ ಎದ್ದು ಹೋಗಿ ತೋರಿಸಿಕೊಟ್ಟೆ. ವೃತ್ತಿಧರ್ಮ.

ಕ್ರಾಂತಿ ಬೆಳಗಿನ ಚಳಿಗೆ ಸ್ಟಾರ್ಟ್ ಆಗದೆ ಕೆಮ್ಮುವ ಬಸ್ಸಾದಳು. ಸೀಟಿ ಊದುವ ಕಂಡಕ್ಟರಾದಳು. ಹೆಡ್‌ಮಾಸ್ತರ ಪ್ರಾರ್ಥನೆಯಾದಳು. ಕೊನೆಗೆ ನಾನಾದಳು. ಮೊದಲು ಮೈಕಿಗೆ ಬೆರಳಿನಿಂದ ಎರಡು ಏಟು, ಆಮೇಲೆ ಒಂದು ಕೆಮ್ಮು, ಆಮೇಲೆ: "ಪ್ರಯಾಣಿಕರ ಗಮನಕ್ಕೆ. ಕೂಡ್ಲಿಗಿ ಬಸ್ಸಿನಲ್ಲಿ ಕೂಡ್ಲಿಕ್ಕೆ ಜಾಗವಿಲ್ಲ. ಹಡಗಲಿ ಬಸ್ಸು ಹಡಗಿನ ಹಾಗೆ ತೇಲಿಕೊಂಡು ಬರುತ್ತಿದೆ, ದಡದಲ್ಲಿರುವವರು ಹಿಂದೆ ಸರಿಯಿರಿ."

ಇವು ಜನ ಕಮ್ಮಿ ಇರುವ ಮಧ್ಯಾಹ್ನಗಳಲ್ಲಿ ನಾನು ಮೈಕಿನಲ್ಲಿ ಬಿಡುವ ಮಾತುಗಳು. ಕೊಟ್ಟೂರಿನ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದಿದ್ದಕ್ಕೆ ನನಗುಳಿದ ಆಸ್ತಿ. ನಿಲ್ದಾಣದಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ಅವಳ ಬಾಯಿಂದ ಬಂದಾಗ ಶಾಮಿಯಾನದ ಕಂಬ ಅಲ್ಲಾಡಿತು. ಅವಳ ಟೀಚರ್ ಪುಷ್ಪಲತಾ, "ಸರ್, ಕಣ್ಣು ಮುಚ್ಚಿದ್ರ ನೀವ ನಿಂತಂಗಿತ್ತು" ಅಂದರು.

ಮನೆಗೆ ಬಂದು ಹೇಳಿದರೆ ಅತ್ತೆ, "ಅಪ್ಪನ್ನ ಅಣಕಿಸಿದ್ದಕ್ಕ ಬಹುಮಾನ ಕೊಟ್ರಾ? ನಾ ನಲವತ್ತು ವರ್ಷದಿಂದ ಇವನ್ನ ಅಣಕಿಸಾಕತ್ತೀನಿ, ಒಬ್ಬರರ ಒಂದು ಸ್ಟೀಲ್ ತಟ್ಟಿ ಕೊಟ್ಟಾರೇನು" ಅಂದಳು.

ಮುಂದೆ ತಾಲೂಕು ಮಟ್ಟ, ನವೆಂಬರಿನಲ್ಲಿ. ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟ, ಹೊಸಪೇಟೆಯಲ್ಲಿ.

ಸೆಪ್ಟೆಂಬರ್ ೩, ಮಂಗಳವಾರ

ಮಗಳ ಪ್ರತಿಭೆ ಎಲ್ಲಿಂದ ಬಂತು ಎಂಬುದನ್ನು ಇವತ್ತು ಸಾರ್ವಜನಿಕವಾಗಿ ಸಾಬೀತುಪಡಿಸಿದೆ.

ಗಾದೆಪ್ಪ ತನ್ನ ಟವೆಲಿನಿಂದ ನನ್ನ ಕಣ್ಣು ಕಟ್ಟಿದ. ಬರುವ ಬಸ್ಸನ್ನು ಶಬ್ದದಿಂದಲೇ ಹೇಳಬೇಕು. ಹರಪನಹಳ್ಳಿಯದು ಎರಡನೇ ಗೇರಿನಲ್ಲಿ ನರಳುತ್ತದೆ. ಕೊಟ್ಟೂರಿನದು ಬ್ರೇಕ್ ಹಾಕಿದ ಮೇಲೆ ನಿಟ್ಟುಸಿರು ಬಿಡುತ್ತದೆ. ಹಡಗಲಿಯ ಮಧ್ಯಾಹ್ನದ ಗಾಡಿಗೆ ಹಿಂದಿನ ಬಾಗಿಲಿನ ಕೊಂಡಿ ಸಡಿಲ. ಏಳು ಬಸ್ಸು, ಏಳೂ ಸರಿ. ಎಂಟನೆಯದಾಗಿ ಹಣ್ಣು ಮಾರುವ ಮಂಜಮ್ಮ ಬಂದು, ದವಡೆಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡೇ, "ನಾ ಯಾವ ಡಿಪೋ ಗಾಡಿ ಹೇಳ್ರಿ ನೋಡಾಣ" ಅಂದಳು. ಅದನ್ನೂ ಹೇಳಿದೆ.

"ಸಾಹೇಬ್ರ ಕಿವಿ ಕಿವಿಯಲ್ಲ, ಟೇಪ್ ರೆಕಾರ್ಡು" ಎಂದ ಗಾದೆಪ್ಪ. ನಾನು ಸುಮ್ಮನಿರಬಹುದಿತ್ತು. "ಈ ಕಿವಿಗೆ ಒಮ್ಮೆ ಬಿದ್ದ ದನಿ ಸಾಯೋತನಕ ಹೋಗಂಗಿಲ್ಲ" ಎಂದೆ. ಇದು ಉತ್ಪ್ರೇಕ್ಷೆಯಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಸೆಪ್ಟೆಂಬರ್ ೨೨, ಭಾನುವಾರ

ಸಾರಿನಲ್ಲಿ ಕಾರ ಹೆಚ್ಚಾಯಿತು. "ಕಾರಕ್ಕೆ ಅಂಜಿ ಓಡುವವರ ಸ್ಪರ್ಧೆಗೇ ಕಾರಂಜಿ ಅಂತಾರೆ" ಎಂದೆ. ಅತ್ತೆ ನಗಲಿಲ್ಲ. ಕ್ರಾಂತಿ ಒಂದು ತುತ್ತು ಹೆಚ್ಚಿಗೆ ಉಂಡು ತೋರಿಸಿದಳು.

ಊಟವಾದ ಮೇಲೆ ಕೇಳಿದಳು. "ಅಪ್ಪಾ, ಅಮ್ಮನ ಫೋನು ಇನ್ನೂ ಆ ಅಂಗಡ್ಯಾಗ ಇರತೈತೇನು?"

ಆ ಫೋನನ್ನು ಮಾರ್ಚಿನಲ್ಲಿ ಅಂಗಡಿಗೆ ಕೊಟ್ಟು ಹೊಸದು ತಂದಿದ್ದೆ. ನನ್ನದು ಅಲ್ಲಿಯವರೆಗೂ ಗುಂಡಿ ಒತ್ತುವ ಫೋನು. ಅವಳದಕ್ಕೆ ಸುದ್ದಿ ಗೊತ್ತಿಲ್ಲದವರಿಂದ ಮೆಸೇಜು ಬರುತ್ತಲೇ ಇತ್ತು. ಅವಳ ಹುಟ್ಟುಹಬ್ಬದ ಬೆಳಗ್ಗೆ ಐದು ಶುಭಾಶಯ ಬಂದವು. ಅವತ್ತೇ ಒಯ್ದು ಕೊಟ್ಟೆ. ಅಂಗಡಿಯವನು "ಒಳಗಿಂದೆಲ್ಲ ಅಳಿಸಲೇನ್ರಿ" ಎಂದ. "ಅಳಿಸಪ್ಪ" ಎಂದೆ. ಕನ್ನಡದಲ್ಲಿ ಅಳಿಸುವುದಕ್ಕೆ ಎರಡು ಅರ್ಥವಿದೆ ಎಂದು ಐಚ್ಛಿಕ ಕನ್ನಡ ಓದಿದವನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

"ಯಾಕವ್ವ?" ಎಂದೆ.

"ಅದರಾಗ ಅಮ್ಮ ಮಾತಾಡಿದ್ದು ಇತ್ತು. ಅಂಗನವಾಡಿ ಮಕ್ಕಳಿಗೆ ಹಾಡು ಹೇಳಿಕೊಟ್ಟಿದ್ದು, ನನಗ ಬೈದಿದ್ದು. ಮತ್ತೆಲ್ಲೂ ಇಲ್ಲಪ್ಪ. ನಿಮ್ಮ ಮದುವಿ ಸೀಡಿ ಹಾಕಿ ನೋಡಿದೆ, ಬರೇ ಬ್ಯಾಂಡ್‌ಸೆಟ್ಟು ಐತಿ. ಅಮ್ಮ ತುಟಿ ಅಲ್ಲಾಡಸ್ತಾಳ ಅಷ್ಟ."

ನಾನು ಕಿವಿ ಮುಟ್ಟಿ ತೋರಿಸಿದೆ. "ಫೋನ್ಯಾಕ? ಎಲ್ಲಾ ಇದರಾಗೈತಿ. ಎಂಟು ವರ್ಷದವ ಇದ್ದಾಗಿಂದ ಕೇಳೀನಿ ನಿಮ್ಮಮ್ಮನ ದನಿ. ಬೇಕಂದಾಗ ಕೇಳಸತೈತಿ."

"ಪಕ್ಕಾ?"

"ಬಸ್ಸಿಂದ ನೆನಪಿರತೈತಿ, ಹೆಂಡ್ತೀದು ಮರೀತೈತೇನು?"

ಅವಳು ನನ್ನ ಮುಖ ಬಹಳ ಹೊತ್ತು ನೋಡಿದಳು. "ಹಂಗಾದ್ರ ಚಲೋ ಆತು" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಕರಾರು ಮುರಿಯಿತು. ಇದೊಂದು ಸಲ.

ಅಕ್ಟೋಬರ್ ೫, ಶನಿವಾರ

ನನ್ನನ್ನು ಕೈಬಿಡಲಾಗಿದೆ. ಪ್ರಯಾಣಿಕರಿಲ್ಲದ ಟ್ರಿಪ್ಪನ್ನು ರದ್ದು ಮಾಡುವ ಹಾಗೆ.

ಪುಷ್ಪಲತಾ ಟೀಚರ್ ನಿಲ್ದಾಣದಲ್ಲಿ ಸಿಕ್ಕು ಹೇಳಿದರು. ತಾಲೂಕಿಗೆ ಕ್ರಾಂತಿ ಅಪ್ಪನ ದನಿ ಮಾಡುವುದಿಲ್ಲವಂತೆ, ಹೊಸದೊಂದು ಸೇರಿಸುತ್ತಾಳಂತೆ. "ಯಾರದು?" ಎಂದರೆ, "ನಮಗೂ ಹೇಳವಲ್ಲಳ್ರಿ ಸರ್. ಅದಿನ್ನೂ ಹಣ್ಣಾಗಿಲ್ಲ ಅಂತಾಳ. ಅಪ್ಪಂದ ಇರಲಿ, ಗೆಲ್ಲತೈತಿ ಅಂದೆ. ಕೇಳಲಿಲ್ಲ."

ಸಂಜೆ ಮನೆಗೆ ಬಂದರೆ ಒಳಕೋಣೆಯ ಬಾಗಿಲು ಹಾಕಿತ್ತು. ಒಳಗೆ ಅಜ್ಜಿ, ಮೊಮ್ಮಗಳು. ಅತ್ತೆಯ ಮಾತು ಕೇಳಿಸಿತು. "ಅಲ್ಲ, ಇನ್ನೊಂದೀಟು ಕೆಳಗ. ಮೂಗಿನಾಗ ಅಲ್ಲ, ಎದಿಯಿಂದ. ಮತ್ತೊಮ್ಮಿ." ಬಾಗಿಲು ಬಡಿದೆ. ಎರಡೂ ದನಿ ನಿಂತವು. "ಪ್ರಯಾಣಿಕರ ಗಮನಕ್ಕೆ, ಚಹಾ ತಯಾರಿದೆ" ಎಂದೆ. "ಅಲ್ಲೇ ಇಡಪ್ಪ" ಎಂದು ಒಳಗಿಂದ ಉತ್ತರ.

ನನಗೇನೂ ಬೇಸರವಿಲ್ಲ. ಕಲಾವಿದರಿಗೆ ಏಕಾಂತ ಬೇಕು. ಆದರೆ ಗೆದ್ದ ಐಟಂ ಬಿಡುವುದು ಮೂರ್ಖತನ. ಹೊಸಪೇಟೆಯ ತನಕ ನನ್ನ ದನಿಯೇ ಅವಳನ್ನು ಒಯ್ಯುತ್ತಿತ್ತು.

ಅಕ್ಟೋಬರ್ ೧೪, ಸೋಮವಾರ

ಧಮ್ಮ ದೀಕ್ಷೆಯ ದಿನ. ಸಂಜೆ ಬಾಬಾಸಾಹೇಬರ ಮತ್ತು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಮೂವರೂ ಕೂತೆವು. ಬುದ್ಧಂ ಸರಣಂ ಎಂದು ತ್ರಿಸರಣ ಹೇಳಬೇಕು. ಕೈ ಮುಗಿದೆವು.

ಯಾರೂ ಶುರು ಮಾಡಲಿಲ್ಲ.

ಪ್ರತಿ ವರ್ಷ ಮೊದಲ ಸಾಲು ನಾಲ್ಕನೆಯವಳದು, ನಾವು ಹಿಂದೆ ಹೇಳುವವರು. ಮೂವರೂ ಹಿಂದೆ ಹೇಳುವವರೇ ಆದರೆ ಮುಂದೆ ಯಾರು? ಬತ್ತಿ ಒಂದು ಬೆರಳಷ್ಟು ಇಳಿಯಿತು. ಅತ್ತೆ ನನ್ನ ಕಡೆ ನೋಡಿದಳು. ನಾನು "ಗಾಡಿ ಸ್ಟಾರ್ಟ್ ಆಗವಲ್ದು, ಯಾರರ ಇಳದು ನೂಕ್ರಿ" ಎಂದೆ.

ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಕ್ರಾಂತಿ ಕಣ್ಣು ಮುಚ್ಚಿ ಶುರು ಮಾಡಿದಳು. ಅತ್ತೆ ಎರಡನೇ ಸಾಲಿಗೇ ಹೇಳುವುದು ಬಿಟ್ಟು ಅವಳ ಬಾಯನ್ನೇ ನೋಡತೊಡಗಿದಳು. ನಾನು ಚೆನ್ನಾಗಿಯೇ ಹೇಳಿದೆ. ಒಂದು ತಪ್ಪೂ ಇಲ್ಲ.

ನವೆಂಬರ್ ೪, ಸೋಮವಾರ

ಮಧ್ಯಾಹ್ನ ಒಂದು ಗಂಟೆಗೆ ಮೈಕು ಬಂದ್ ಮಾಡಿ, ಕ್ಯಾಬಿನ್ನಿನ ಬಾಗಿಲು ಹಾಕಿ ಕಣ್ಣು ಮುಚ್ಚಿ ಕೂತೆ. ಒಂದು ಪರೀಕ್ಷೆ ಮಾಡಿಕೊಳ್ಳಬೇಕಿತ್ತು. ಆ ಹೊತ್ತಿಗೆ ಮೊದಲೆಲ್ಲ ಮನೆಯಿಂದ ಫೋನ್ ಬರುತ್ತಿತ್ತು, ಡಬ್ಬಿ ತೆಗೆದಿರಾ ಎಂದು. ಆ ದನಿಯನ್ನೇ ನೆನೆಸಿಕೊಳ್ಳಲು ನೋಡಿದೆ. ಗಾದೆಪ್ಪ ಬಂದು ಬಾಗಿಲು ಬಡಿದ. ಆಗಲಿಲ್ಲ. ನಾಳೆ ನೋಡೋಣ.

ನವೆಂಬರ್ ೫, ಮಂಗಳವಾರ

ಇವತ್ತು ಸಂತೆಗೆ ಹೋಗುವವರ ಗದ್ದಲ. ನಾಳೆ.

ನವೆಂಬರ್ ೭, ಗುರುವಾರ

ನಿಲ್ದಾಣದಲ್ಲಿ ಸದ್ದು ಬಹಳ. ಅಷ್ಟೇ ಕಾರಣ.

ನವೆಂಬರ್ ೧೫, ಶುಕ್ರವಾರ

ನಾಳೆ ತಾಲೂಕು ಮಟ್ಟ. ನಮ್ಮೂರಲ್ಲೇ. ನನಗೆ ಇಡೀ ದಿನ ರಜೆ. ಗಾದೆಪ್ಪನಿಗೆ ವಾರದ ರಜೆ, ಅವನೂ ಬರುತ್ತಾನೆ.

ಬೆಳಗ್ಗೆ ಜಡೆ ಹಾಕಿದೆ. ಈಗ ಎರಡೂ ಒಂದೇ ಎತ್ತರಕ್ಕೆ ಬರುತ್ತವೆ. ಬೈತಲೆ ಮಾತ್ರ ಕೂಡ್ಲಿಗಿ ರಸ್ತೆಯ ಹಾಗೆ ಅಲ್ಲಲ್ಲಿ ತಿರುವು. ಕ್ರಾಂತಿ ಶಾಲೆಗೆ ಹೋದ ಮೇಲೆ ಅತ್ತೆಗೆ ಹೇಳಿದೆ, "ನೋಡು, ಹತ್ತು ತಿಂಗಳಿಗೆ ಪಾಸಾದೆ. ನಾ ಇರದಿದ್ದರ ಆಕಿ ಜಡಿ ಯಾರು ಹಾಕತಿದ್ರು?"

ಅತ್ತೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಆಕಿಗೆ ಆರನೇ ಕ್ಲಾಸ್ ಇದ್ದಾಗಿಂದ ತಾನ ಹಾಕ್ಕೊಳ್ಳಾಕ ಬರತೈತಲೇ."

"ಮತ್ತ ಅವರವ್ವ ದಿನಾ ಹಾಕತಿದ್ಲಲ್ಲ?"

"ಅದು ತಾಯಿ ಮಗಳು ಮಾತಾಡೋ ಹೊತ್ತು. ನೀ ಐದರ ಪಾಳಿಗೆ ಹೋಗಿರತಿದ್ದಿ, ನಿನಗೇನು ಗೊತ್ತು. ಈಗ ನಿನಗಂತ ಕುಂದರತಾಳ. ಅಪ್ಪನ ಕೈಗೆ ಏನರ ಕೆಲಸ ಇರಲಿ ಅಜ್ಜಿ ಅಂದ್ಲು."

ನಾನು ಜನವರಿಯ ನಂತರ ಬೇಡಿ ಎಂಟರ ಪಾಳಿ ತೆಗೆದುಕೊಂಡದ್ದು ಮಗಳಿಗೆ ಆಸರೆಯಾಗಲಿ ಎಂದು. ಸರಿ. ಆಸರೆ ಯಾರಿಂದ ಯಾರಿಗೆ ಎಂಬ ಪ್ರಶ್ನೆ ಇಲ್ಲಿಗೆ ಬಿಡುತ್ತೇನೆ.

ನವೆಂಬರ್ ೧೬, ಶನಿವಾರ

ಎರಡನೆಯ ಬಹುಮಾನ. ಹೊಸಪೇಟೆ ಇಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಭಾಂಗಣ ತುಂಬಿತ್ತು. ಮುಂದಿನಿಂದ ಮೂರನೇ ಸಾಲಿನಲ್ಲಿ ನಾನು, ಪಕ್ಕದಲ್ಲಿ ಗಾದೆಪ್ಪ. ಅತ್ತೆ ಹಿಂದೆ, ಹೆಂಗಸರ ಜೊತೆ. ಕ್ರಾಂತಿ ಬಸ್ಸು ಮಾಡಿದಳು, ಕಂಡಕ್ಟರ್ ಮಾಡಿದಳು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಅದರ ಹಿಂದೆ ನಿಂತಳು. ಜೇಬಿನಿಂದ ಕೆಂಪು ರಿಬ್ಬನ್ ತೆಗೆದು ಹಲ್ಲಿನಲ್ಲಿ ಕಚ್ಚಿ, ಕುರ್ಚಿಯಲ್ಲಿ ಯಾರೋ ಕೂತಿದ್ದಾರೆ ಎಂಬಂತೆ ತಲೆ ಬಾಚತೊಡಗಿದಳು. ಕಚ್ಚಿದ ಹಲ್ಲಿನ ಸಂದಿಯಿಂದ ಒಂದು ಹೆಂಗಸಿನ ದನಿ ಬಂತು.

"ತಲಿ ಅಲ್ಲಾಡಸಬ್ಯಾಡ. ಏನು ಬಸ್ಸಿನ ವೈಪರ್ ಏನದು? ಎಣ್ಣಿ ಕಾಣದ ಕೂದಲ, ಕೊಬ್ಬರಿ ನಾರು ಆಗ್ಯತಿ. ಕಂಪಾಸು ಇಟ್ಕೊಂಡ್ಯಾ? ನೀರಿನ ಬಾಟ್ಲಿ? ಹೂಂ ಅನಬ್ಯಾಡ, ಇಟ್ಟಿಲ್ಲ ನೀನು. ಕನ್ನಡ್ಯಾಗ ನಿನ್ನ ಮಾರಿ ಕಾಣತೈತಿ ನನಗ. ನಿಮ್ಮಪ್ಪನ ಮಗಳು, ಸುಳ್ಳು ಹೇಳಿದ್ರ ಮೂಗು ಮೊದಲ ನಗತೈತಿ."

ಹೆಂಗಸರ ಸಾಲುಗಳಲ್ಲಿ ನಗು ಎದ್ದಿತು. ಎಲ್ಲರ ಮನೆಯ ಬೆಳಗೂ ಅದೇ ತಾನೇ. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಅವಳು ರಿಬ್ಬನ್ನನ್ನು ಬಾಯಿಂದ ತೆಗೆದು ಕಟ್ಟಿದಳು. ದನಿ ಬಿಚ್ಚಿ ಹೊರಬಂತು. "ಮುಗೀತು. ಈ ಕಡಿ ತಿರುಗು, ನೋಡ್ತೀನಿ." ಅಷ್ಟೇ. ಖಾಲಿ ಕುರ್ಚಿಯನ್ನು ನೋಡುತ್ತ ನಿಂತಳು.

ತೀರ್ಪುಗಾರರಲ್ಲಿ ಒಬ್ಬರು, ವಯಸ್ಸಾದವರು, ಮೈಕು ತೆಗೆದುಕೊಂಡರು. "ಭಾಳ ಚಲೋ ಮಾಡಿದಿ ಮಗಾ. ಆದ್ರ ಕೊನೇದು ಯಾರ ದನಿ? ಮಿಮಿಕ್ರಿ ಅಂದ್ರ ಇಂಥವರದು ಅಂತ ಕೇಳಿದವರಿಗೆ ಗೊತ್ತಾಗಬೇಕಲ್ಲ."

ಕ್ರಾಂತಿ ನನ್ನ ಕಡೆ ಕೈ ತೋರಿಸಿದಳು. "ನಮ್ಮಪ್ಪಗ ಗೊತ್ತೈತ್ರಿ ಸರ್. ಅಲ್ಲಿ ಕುಂತಾರ. ಅವರನ್ನ ಕೇಳ್ರಿ."

ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಎದ್ದು ನಿಂತೆ. ಬಾಯಿ ತೆರೆದೆ. ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ. ಹಿಂದಿನಿಂದ ಅತ್ತೆ ಹೇಳಿದಳು, "ಅವರವ್ವಂದು ರೀ ಸರ್. ಜನವರ್ಯಾಗ ತೀರಿಕೊಂಡ್ಲು. ನನ್ನ ಮಗಳು."

ತೀರ್ಪುಗಾರರು ಮೈಕು ಕೆಳಗಿಟ್ಟರು. ಮೊದಲ ಬಹುಮಾನ ರಾಜಕಾರಣಿಗಳ ದನಿ ಮಾಡಿದ ಹುಡುಗಿಗೆ ಹೋಯಿತು. ನ್ಯಾಯವೇ. ಆ ದನಿಗಳು ಎಲ್ಲರಿಗೂ ಗೊತ್ತು.

ದಾಖಲೆಗಾಗಿ: ಅದು ಅವಳದೇ ದನಿ ಎಂದು ನನಗೆ ಮೊದಲ ಮಾತಿಗೇ ಗೊತ್ತಾಯಿತು. ನಕ್ಕದ್ದು ಮಗಳಿಗೆ ಧೈರ್ಯ ಬರಲಿ ಎಂದು. ದಾರಿಯಲ್ಲಿ ಅತ್ತೆ "ನಗು ಹೆಂಗ ಬಂತಲೇ ನಿನಗ" ಎಂದಾಗಲೂ ಇದನ್ನೇ ಹೇಳಿದೆ. ಕ್ರಾಂತಿ ನನ್ನ ಕೈ ಹಿಡಿದುಕೊಂಡಳು. "ನೀ ಅಳತಿ ಅಂತ ಹೆದರಿದ್ದೆ ಅಪ್ಪ. ನಕ್ಕಿದ್ದು ಕೇಳಿ ಸಮಾಧಾನ ಆತು. ಸರಿಯಾಗಿ ಬಂದಿರಬೇಕು ಅನ್ಕೊಂಡೆ" ಎಂದಳು.

ನವೆಂಬರ್ ೧೮, ಸೋಮವಾರ

ಗಾದೆಪ್ಪ ನಿಲ್ದಾಣಕ್ಕೆ ಬಂದ. ಹಾರ್ನ್ ಹೊಡೆಯಲಿಲ್ಲ, ಕಿಟಕಿಗೂ ಬರಲಿಲ್ಲ. ದೂರದಿಂದಲೇ ಕೈ ಎತ್ತಿ ಹೋದ. ಮಂಜಮ್ಮನ ಹತ್ತಿರ ಬಾಳೆಹಣ್ಣು ಕೊಳ್ಳಲು ಹೋಗಿ ಅರ್ಧಕ್ಕೆ ವಾಪಸಾದೆ.

ನವೆಂಬರ್ ೨೪, ಭಾನುವಾರ

ಶಾಲೆ ಇಲ್ಲ. ಆದರೂ ಕ್ರಾಂತಿ ಬಾಚಣಿಕೆ ತಂದು ನನ್ನ ಮುಂದೆ ಕೂತಳು. ಗೋಡೆಯ ಮೇಲಿನ ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದೆವು. ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಕೈ ಸಾಲದೆ ರಿಬ್ಬನ್ ಹಲ್ಲಿನಲ್ಲಿ ಕಚ್ಚಿದೆ. ಅವಳು ಕಿಟಕಿಯ ಕಡೆ ತಿರುಗಿದಳು. "ತಲಿ ಅಲ್ಲಾಡಸಬ್ಯಾಡ" ಎಂದೆ.

ಅವಳು ಕಲ್ಲಿನ ಹಾಗೆ ಕೂತಳು. "ಹಂಗ. ಹಂಗ ಅಪ್ಪ. ಈಗ ನೀ ಅಂದ್ಯಲ್ಲ, ಅಮ್ಮ ಥೇಟ್ ಹಂಗ ಅಂತಿದ್ಲು."

ನನಗೆ ನಾನು ಹೇಗೆ ಅಂದೆ ಎಂಬುದೇ ಗೊತ್ತಾಗಲಿಲ್ಲ.

ರಿಬ್ಬನ್ ಕಟ್ಟಿ ಮುಗಿಸಿದ ಮೇಲೆ ಕೇಳಿದಳು. "ಅಪ್ಪಾ, ಒಂದು ಹೇಳ್ತಿ? ಸ್ಪರ್ಧೆ ಆದಾಗಿಂದ ನನಗ ಅನುಮಾನ ಬರಾಕತ್ತೈತಿ. ದಿನಾ ಮಾಡಿ ಮಾಡಿ, ಅದು ಅಮ್ಮಂದೋ ನಂದೋ ತಿಳೀವಲ್ದು. ಅಜ್ಜಿಗೆ ಕೇಳಿದ್ರ ಅಳತಾಳ. ನಿನಗ ಪಕ್ಕಾ ಗೊತ್ತಿರತೈತಲ್ಲ. ಮತ್ತೊಮ್ಮಿ ಮಾಡ್ತೀನಿ, ಎಲ್ಲಿ ತಪ್ಪೈತಿ ಹೇಳು. ತಿದ್ದಿ ಇಟ್ಕೊಂತೀನಿ."

ಇಟ್ಟುಕೊಳ್ಳುತ್ತೇನೆ ಎಂದಳು. ಬಹುಮಾನದ ಮಾತು ಅವಳ ಬಾಯಲ್ಲಿ ಬರಲಿಲ್ಲ. ಸ್ಪರ್ಧೆಗೆ ಮೊದಲೂ ಬಂದಿರಲಿಲ್ಲವೇನೋ, ಅದು ನನ್ನ ಮಾತೇ ಇರಬೇಕು.

ಕಣ್ಣು ಮುಚ್ಚಿದೆ, ಟವೆಲ್ ಕಟ್ಟಿದ ದಿನದ ಹಾಗೆ. ಅವಳು ಮೊದಲಿಂದ ಕೊನೆಯವರೆಗೆ ಹೇಳಿದಳು. ವೈಪರ್, ಕೊಬ್ಬರಿ ನಾರು, ಕಂಪಾಸು, ನಿಮ್ಮಪ್ಪನ ಮಗಳು. ಈ ಕಡಿ ತಿರುಗು, ನೋಡ್ತೀನಿ.

"ಪಕ್ಕಾ" ಎಂದೆ. "ನಿಮ್ಮಮ್ಮಂದ ದನಿ. ಒಂದು ಕೂದಲೆಳಿ ಫರಕಿಲ್ಲ."

ಕನ್ನಡಿಯಲ್ಲಿ ಅವಳು ನನ್ನ ಮುಖ ನೋಡಿದಳು. ಏನು ಕಂಡಿತೋ, "ಹೂಂ" ಎಂದು ಎದ್ದು ಹೋದಳು.

ಮೊದಲ ಪುಟದಲ್ಲಿ ನಾಲ್ಕು ನಿಮಿಷ ಕದ್ದದ್ದಕ್ಕೆ ಅಷ್ಟು ದೊಡ್ಡ ತಪ್ಪೊಪ್ಪಿಗೆ ಬರೆದವನು ಇದನ್ನೂ ಬರೆಯಬೇಕು. ಆವತ್ತು ಸಭೆಯಲ್ಲಿ ನಾನು ನಕ್ಕದ್ದು ಧೈರ್ಯ ತುಂಬಲಿಕ್ಕಲ್ಲ. ನಗು ಬಂದಿತ್ತು, ನಕ್ಕೆ. ಗಾದೆಪ್ಪನ ತೊಡೆಗೆ ಬಡಿದು, "ಡಿಟ್ಟೋ ನಮ್ಮ ಹಣ್ಣಿನ ಮಂಜಮ್ಮ" ಎಂದೆ. ರಿಬ್ಬನ್ ಕಚ್ಚಿದ ಬಾಯಿ ಎಲೆ-ಅಡಿಕೆ ಇಟ್ಟ ದವಡೆಯ ಹಾಗೆ ಕೇಳಿತು ಎಂದು ಸಬೂಬು ಹೇಳಬಹುದು. ಆದರೆ ರಿಬ್ಬನ್ ತೆಗೆದ ಮೇಲೂ ನಾನು ನಗುತ್ತಲೇ ಇದ್ದೆ. ವೈಪರಿನ ಮಾತು ಕೇಳಿ, ಜೋಕಿನಲ್ಲಿ ಮಗಳು ನನ್ನನ್ನೇ ಹೋತಿದ್ದಾಳೆ ಎಂದು ಬೀಗಿದೆ. ಅದು ಅವಳಮ್ಮ ಯಶೋಧರಾಳ ಜೋಕು. ಅವಳಿಗೂ ಬರುತ್ತಿತ್ತು. ಮನೆಯಲ್ಲಿ ನಾನಿಲ್ಲದ ಹೊತ್ತಿನಲ್ಲಿ ಹೇಳುತ್ತಿದ್ದಳು.

ತೀರ್ಪುಗಾರರು ಕೇಳಿದಾಗ ನನ್ನ ಗಂಟಲು ಕಟ್ಟಿರಲಿಲ್ಲ. ಉತ್ತರ ಗೊತ್ತಿದೆ ಎಂದು ಧೈರ್ಯವಾಗಿಯೇ ಎದ್ದಿದ್ದೆ. "ಮಂ" ಎನ್ನುವಷ್ಟರಲ್ಲಿ ಗಾದೆಪ್ಪ ನನ್ನ ಅಂಗಿ ಹಿಡಿದು ಜಗ್ಗಿದ. ಡಬ್ಬಿ ಕೊಡಲು ಯಶೋಧರಾ ನಿಲ್ದಾಣಕ್ಕೆ ಬಂದಾಗ ನಾಲ್ಕೈದು ಸಲ ಅವಳ ಜೊತೆ ಮಾತಾಡಿದ್ದನಷ್ಟೇ. ಅವನಿಗೆ ಗೊತ್ತಾಗಿತ್ತು.

ಇವತ್ತೂ ಅಷ್ಟೇ. ಕಣ್ಣು ಮುಚ್ಚಿ, ಉಸಿರು ಹಿಡಿದು, ಕೊನೆಯ ಮಾತಿನವರೆಗೂ ಕೇಳಿದೆ. ಚೆನ್ನಾಗಿತ್ತು. ಸರಿಯಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕೇಳಿಸಿದ್ದು ಕ್ರಾಂತಿಯ ದನಿ ಮಾತ್ರ.